ಕಲಿಕೆಯ ವೈವಿಧ್ಯ ಮತ್ತು ಬೋಧನಕ್ರಮ: ಶಿಕಾರಿಪುರ, ಸೊರಬ

ಒಂದು ಕೋಣೆಯಲ್ಲಿ ಕೂತ ಮಕ್ಕಳೆಲ್ಲ ಒಂದೇ ಬಗೆಯಲ್ಲಿ, ಒಂದೇ ಹೊತ್ತಿಗೆ ಕಲಿಯುವುದಿಲ್ಲ. ಇದನ್ನು ಒಪ್ಪಿಕೊಂಡು ಪಾಠದ ವೇಗ, ಭಾಷೆ, ಸಾಮಗ್ರಿ, ಕೂರಿಸುವ ರೀತಿ, ಕೊನೆಗೆ ಪರೀಕ್ಷೆಯನ್ನೂ ಮಗುವಿಗೆ ಹೊಂದಿಸಿಕೊಳ್ಳುವುದನ್ನು ಶಿಕ್ಷಣಶಾಸ್ತ್ರ ಹಲವು ಹೆಸರುಗಳಿಂದ ಕರೆದಿದೆ: ಶಿಶುಕೇಂದ್ರಿತ ಬೋಧನೆ, ಬಹುಹಂತದ ಬೋಧನೆ, ಸಮನ್ವಯ ಶಿಕ್ಷಣ. ಹೆಸರು ಯಾವುದಾದರೂ ಮೇಷ್ಟರ ಮುಂದಿನ ಪ್ರಶ್ನೆ ಒಂದೇ. ಮೂವತ್ತು ಮಕ್ಕಳಿದ್ದಾರೆ, ಹೊತ್ತು ಐದಾರು ಗಂಟೆ; ಯಾರಿಗೆ ಎಲ್ಲಿಂದ ಶುರುಮಾಡುವುದು?

ಶಿವಮೊಗ್ಗ ಜಿಲ್ಲೆಯ ಉತ್ತರದ ಎರಡು ತಾಲ್ಲೂಕುಗಳಾದ ಶಿಕಾರಿಪುರ ಮತ್ತು ಸೊರಬ ಈ ಪ್ರಶ್ನೆಯನ್ನು ನೋಡಲು ಒಳ್ಳೆಯ ಜಾಗ. ಕುಮುದ್ವತಿಯ ದಡದ ಶಿಕಾರಿಪುರ ಅರೆಮಲೆನಾಡು. ಬತ್ತ, ಮೆಕ್ಕೆಜೋಳ, ಅಡಿಕೆ, ಶುಂಠಿಯ ನಾಡು. ದೊಡ್ಡ ಊರುಗಳ ಆಚೀಚೆ ಲಂಬಾಣಿ ತಾಂಡಾಗಳು, ಶಿರಾಳಕೊಪ್ಪದಂಥ ಪೇಟೆಯಲ್ಲಿ ಉರ್ದು ಮನೆಮಾತಿನ ಕುಟುಂಬಗಳು. ಸೊರಬದ ಪಶ್ಚಿಮ ಭಾಗ ಕಾಡಿಗೆ ಹತ್ತಿದ್ದು. ಚಂದ್ರಗುತ್ತಿಯ ಕಡೆ ಹೋದರೆ ಊರೆಂದರೆ ಒಂದೆಡೆ ಕೂಡಿದ ಬೀದಿಯಲ್ಲ. ತೋಟ, ಗದ್ದೆಗಳ ನಡುವೆ ಚದುರಿದ ಮನೆಗಳು. ಅಲ್ಲಿನ ಶಾಲೆಗಳೂ ಚಿಕ್ಕವು. ಒಬ್ಬರೋ ಇಬ್ಬರೋ ಶಿಕ್ಷಕರು, ಐದು ತರಗತಿ. ಮಕ್ಕಳ ಭಿನ್ನತೆಗೆ ತಕ್ಕ ಪಾಠ ಎಂಬುದು ನಗರದ ಖಾಸಗಿ ಶಾಲೆಯ ಕರಪತ್ರದಲ್ಲಿ ಸೊಗಸಿನ ಮಾತಾಗಿ ಕಾಣಬಹುದು. ಇಲ್ಲಿ ಅದು ಸೊಗಸಲ್ಲ, ಅನಿವಾರ್ಯ. ಒಂದನೆಯ ತರಗತಿಯ ಮಗು, ಮೂರನೆಯ ತರಗತಿಯ ಮಗು ಒಂದೇ ಚಾಪೆಯ ಮೇಲೆ ಕೂತಿರುವಾಗ ಎಲ್ಲರಿಗೂ ಒಂದೇ ಪಾಠ ಮಾಡುವುದು ಆಗದ ಮಾತು.

ಹಳೆಯ ನೆಲೆ

ಈ ಸೀಮೆಗೆ ವಿದ್ಯೆಯ ಹೆಸರು ಹಳೆಯದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ ಕವಿ ಕುಬ್ಜ 5ನೆಯ ಶತಮಾನದಲ್ಲಿ ಬರೆದ ಸಂಸ್ಕೃತ ಕಾವ್ಯಶಾಸನವಿದೆ. ಕದಂಬ ಮನೆತನವನ್ನು ಸ್ಥಾಪಿಸಿದ ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದದ್ದನ್ನು, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದನ್ನು ಅದು ಹೇಳುತ್ತದೆ. ಓದಲು ಹೋದವನು ರಾಜನಾಗಿ ಬಂದ ಕಥೆ ಎಲ್ಲರಿಗೂ ಗೊತ್ತು. ವೇದಾಧ್ಯಯನದ ಮನೆತನದ ಹುಡುಗನೂ ಮುಂದಿನ ಓದಿಗೆ ಅಷ್ಟು ದೂರ ನಡೆಯಬೇಕಾಯಿತು ಎಂಬುದನ್ನು ಯಾರೂ ಗಮನಿಸುವುದಿಲ್ಲ. 12ನೆಯ ಶತಮಾನದ ಹೊತ್ತಿಗೆ ತಾಳಗುಂದವೇ ಹೆಸರಾಂತ ಅಗ್ರಹಾರ. ವೇದ, ಶಾಸ್ತ್ರಗಳ ಜೊತೆಗೆ ಕನ್ನಡದ ಅಕ್ಷರಾಭ್ಯಾಸಕ್ಕೂ ಅಲ್ಲಿ ಏರ್ಪಾಡಿತ್ತು. ಎಳೆಯರ ಅಕ್ಷರಕ್ಕೆ ಒಂದು ವ್ಯವಸ್ಥೆ, ಬೆಳೆದವರ ಶಾಸ್ತ್ರಕ್ಕೆ ಇನ್ನೊಂದು ಎಂಬ ವಿಂಗಡಣೆ ಅಷ್ಟು ಹಿಂದೆಯೇ ಇತ್ತು.

ಅದೇ ತಾಲ್ಲೂಕಿನ ಬಳ್ಳಿಗಾವೆಯಲ್ಲಿ, ಕೇದಾರೇಶ್ವರ ದೇವಾಲಯಕ್ಕೆ ಹೊಂದಿಕೊಂಡು, ಕಾಳಾಮುಖ ಶೈವರ ಕೋಡಿಯ ಮಠವಿತ್ತು. 1162ರ ಶಾಸನ ಅಲ್ಲಿ ಏನೇನು ಕಲಿಸುತ್ತಿದ್ದರೆಂದು ದೊಡ್ಡ ಪಟ್ಟಿ ಕೊಡುತ್ತದೆ. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ನ್ಯಾಯ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳು, ಯೋಗ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ವ್ಯಾಕರಣ ಒಂದೇ ಶಾಖೆಯದಾಗಿರಲಿಲ್ಲ ಎಂಬುದು ಕುತೂಹಲದ ಸಂಗತಿ. ಶೈವ ಮಠದಲ್ಲಿ ಜೈನ ವೈಯಾಕರಣ ಶಾಕಟಾಯನನಿಗೂ ಜಾಗವಿತ್ತು. ಇದನ್ನು ವಿದ್ಯಾರ್ಥಿಗೆ ಆಯ್ಕೆ ಬಿಟ್ಟುಕೊಟ್ಟಿದ್ದರೆಂಬುದಕ್ಕೆ ಪುರಾವೆಯೆಂದು ಎಳೆಯುವುದು ಬೇಡ. ಹೊತ್ತಗೆಗಳ ಪಟ್ಟಿ ಪಾಠದ ಬಗೆಯನ್ನು ಹೇಳುವುದಿಲ್ಲ.

ಪಾಠದ ಬಗೆಯ ಬಗ್ಗೆ ಬಳ್ಳಿಗಾವೆಯ ಕಲ್ಲು ಬೇರೆ ಕಡೆ ಮಾತಾಡುತ್ತದೆ. ಅಲ್ಲಿನ ತ್ರಿಪುರಾಂತಕೇಶ್ವರ ಗುಡಿಯಲ್ಲಿ ಪಂಚತಂತ್ರದ ಕಥೆಗಳ ಕೆತ್ತನೆಗಳಿವೆ. ಪಂಚತಂತ್ರದ ಹೊರಚೌಕಟ್ಟೇ ಒಂದು ಶಿಕ್ಷಣ ಸಮಸ್ಯೆ: ಯಾವ ಶಾಸ್ತ್ರವೂ ತಲೆಗೆ ಹತ್ತದ ರಾಜಕುಮಾರರು, ಅವರಿಗೆ ಪ್ರಾಣಿಪಕ್ಷಿಗಳ ಕಥೆ ಕಟ್ಟಿ ರಾಜನೀತಿ ಕಲಿಸುವ ಪಂಡಿತ. ಕಲಿಯದ ಮಗುವನ್ನು ಬೈಯದೆ ಕಲಿಸುವ ದಾರಿಯನ್ನೇ ಬದಲಿಸಿದ ಗುರುವಿನ ಕಥೆಯನ್ನು ಕನ್ನಡಕ್ಕೆ ತಂದವನು 11ನೆಯ ಶತಮಾನದ ದುರ್ಗಸಿಂಹ. ಅವನು ಚಾಲುಕ್ಯ ಜಯಸಿಂಹನ ಆಸ್ಥಾನದವನು. ಕಲ್ಲಿನ ಕೆತ್ತನೆ, ಕನ್ನಡದ ಗ್ರಂಥ ಎರಡೂ ಚಾಲುಕ್ಯರ ಕಾಲದ ಆಸುಪಾಸಿನವು. ಓದುಬಾರದವನೂ ಗುಡಿ ಸುತ್ತುವಾಗ ನೋಡಿ ಕಲಿಯಬಹುದಾದ ಪಠ್ಯವದು.

ಬಳ್ಳಿಗಾವೆ ಅಲ್ಲಮಪ್ರಭುವಿನ ಊರೂ ಹೌದು. ಉಡುತಡಿಯ ಅಕ್ಕಮಹಾದೇವಿಯೂ ಇದೇ ತಾಲ್ಲೂಕಿನವಳು. ಶೂನ್ಯಸಂಪಾದನೆಗಳಲ್ಲಿ ಅಲ್ಲಮ ಎದುರಾದವರಿಗೆಲ್ಲ ಒಂದೇ ಉಪದೇಶ ಮಾಡುವುದಿಲ್ಲ. ತೋಟಿಗ ಗೊಗ್ಗಯ್ಯನೊಂದಿಗೆ ಮಾತು ತೋಟದ್ದು. ಕೆರೆ ಕಟ್ಟಿಸುವ ಸಿದ್ಧರಾಮನೊಂದಿಗೆ ಕೆರೆಯ ಸುತ್ತಲೇ ಜಗಳ. ಇದನ್ನು ಬೋಧನಶಾಸ್ತ್ರವೆಂದರೆ ಅಲ್ಲಮ ನಕ್ಕಾನು. ಆದರೂ ಕೇಳುವವನ ಕೈಗೆ ಗೊತ್ತಿರುವುದರಿಂದ ಮಾತು ಶುರುಮಾಡುವ ಜಾಣ್ಮೆ ಈ ನೆಲಕ್ಕೆ ಹೊಸದಲ್ಲ.

ಕೂಲಿಮಠದಿಂದ ಹೋಬಳಿ ಶಾಲೆಗೆ

ಅಗ್ರಹಾರ, ಮಠಗಳ ಆಚೆ ಸಾಮಾನ್ಯರ ಮಕ್ಕಳಿಗೆ ಅಕ್ಷರ ದೊರೆತದ್ದು ಕೂಲಿಮಠಗಳಲ್ಲಿ. ಅಂಥ ಶಾಲೆಗಳ ಸ್ಪಷ್ಟ ಚಿತ್ರ ದೊರೆಯುವುದು ಬಳ್ಳಾರಿ ಜಿಲ್ಲೆಯಿಂದ. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಕಳಿಸಿದ ವರದಿ 533 ಶಾಲೆ, 6,641 ವಿದ್ಯಾರ್ಥಿಗಳ ಲೆಕ್ಕ ಕೊಡುತ್ತದೆ. ಮಗು ಮೊದಲು ಬೆರಳಿನಿಂದ ಮರಳಿನ ಮೇಲೆ ಬರೆಯುತ್ತಿತ್ತು. ಕೈ ಕೂತ ಮೇಲೆ ಕಡತದ ಮೇಲೆ ಬಳಪದಲ್ಲಿ. ಕಡತವೆಂದರೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಗಟ್ಟಿಮಾಡಿದ ಬಟ್ಟೆ, ಅಳಿಸಿ ಮತ್ತೆ ಬರೆಯುವಂಥದು. ಮುಂದುವರಿದ ಹುಡುಗರು ಹಿಂದಿನವರಿಗೆ ಹೇಳಿಕೊಡುವ ಪದ್ಧತಿಯನ್ನು ಕ್ಯಾಂಬೆಲ್ ಬಾಯ್ತುಂಬ ಹೊಗಳಿದ. ಇದೇ ಪದ್ಧತಿಯನ್ನು ಮದರಾಸಿನಲ್ಲಿ ಕಂಡ ಆ್ಯಂಡ್ರೂ ಬೆಲ್ ಇಂಗ್ಲೆಂಡಿಗೆ ಒಯ್ದಿದ್ದ. ಅಲ್ಲಿ ಅದಕ್ಕೆ ಮದರಾಸು ಪದ್ಧತಿ ಎಂದೇ ಹೆಸರಾಯಿತು. ಅರ್ಥ ತಿಳಿಯದೆ ಬಾಯಿಪಾಠ ಮಾಡಿಸುವುದನ್ನು ಕ್ಯಾಂಬೆಲ್ ಒಪ್ಪಲಿಲ್ಲ. ಎರಡೂ ಮಾತು ನಿಜ. ಕೂಲಿಮಠ ಪ್ರತಿ ಮಗುವಿಗೂ ತನ್ನದೇ ವೇಗ ಬಿಟ್ಟಿತ್ತು, ಪಠ್ಯವನ್ನು ಮಾತ್ರ ಮಗುವಿಗೆ ಹೊಂದಿಸಲಿಲ್ಲ.

ತರಗತಿಗೊಂದು ಪಾಠ, ವರ್ಷಕ್ಕೊಂದು ಮೆಟ್ಟಿಲು ಎಂಬ ಏರ್ಪಾಡು ಈ ಕಡೆ ಬಂದದ್ದು ಮೈಸೂರು ಸಂಸ್ಥಾನದ ಹೋಬಳಿ ಶಾಲೆಗಳೊಂದಿಗೆ. 1868ರ ಆ ಯೋಜನೆಯ ಹಿಂದೆ ಇದ್ದವರು ಬಿ. ಎಲ್. ರೈಸ್. ಶಿಕಾರಿಪುರದ ಶಾಸನಗಳನ್ನು 1902ರಲ್ಲಿ, ಸೊರಬದವನ್ನು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಲ್ಲಿ ಅಚ್ಚುಹಾಕಿಸಿದವರೂ ಅವರೇ. ಕೋಡಿಯ ಮಠದ ಪಾಠಪಟ್ಟಿಯನ್ನು ಲೋಕಕ್ಕೆ ತೋರಿಸಿದವರೇ ಹೊಸ ಬಗೆಯ ಶಾಲೆಯ ನಕ್ಷೆಯನ್ನೂ ಹಾಕಿದವರು. ಹೊಸ ಶಾಲೆ ಹೆಚ್ಚು ಮಕ್ಕಳನ್ನು ತಲುಪಿತು. ಬದಲಿಗೆ ಕೂಲಿಮಠದ ಚಾಪೆಯ ಮೇಲಿನ ಸಡಿಲ ವೇಗವನ್ನು ಕಳೆದುಕೊಂಡಿತು. ತರಗತಿಯ ವೇಗಕ್ಕೆ ಬಾರದವನಿಗೆ ದಡ್ಡ ಎಂಬ ಹೆಸರು, ಅದೇ ತರಗತಿಯಲ್ಲಿ ಇನ್ನೊಂದು ವರ್ಷ. ಇದಕ್ಕೆ ಕನ್ನಡನಾಡಿನಲ್ಲೇ ಎದುರುಮಾತು ಹುಟ್ಟಿತು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ನಾಟಕ, ನೋಟಗಳ ಮೂಲಕ ಕಲಿಸಲು ಹೊರಟರು. ಸೊರಬದ ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ರಂಗಭೂಮಿಯನ್ನು ಈ ಸೀಮೆಯ ಮನೆಮಾತಾಗಿಸಿತು. ಆದರೂ ಇವೆಲ್ಲ ಶಾಲೆಯ ಗಂಟೆಯ ಹೊರಗೇ ಉಳಿದವು.

ಕಣ್ಣು, ಕಿವಿ, ಕೈ

ಶಿಕ್ಷಕರ ತರಬೇತಿಯಲ್ಲಿ ಇಂದಿಗೂ ಕೇಳಿಬರುವ ಮಾತೊಂದಿದೆ: ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ, ಕೆಲವರು ಮಾಡಿ, ಮಗು ಯಾವ ಬಗೆಯದೆಂದು ಗುರುತಿಸಿ ಆ ಬಗೆಯಲ್ಲೇ ಕಲಿಸಬೇಕು. ಕಲಿಕಾ ಶೈಲಿ ಎಂಬ ಈ ಸಿದ್ಧಾಂತಕ್ಕೆ ಹಲವು ರೂಪಗಳಿವೆ. ಅಮೆರಿಕದ ಡೇವಿಡ್ ಕೋಲ್ಬ್ 1984ರಲ್ಲಿ ಅನುಭವದಿಂದ ಕಲಿಯುವ ಚಕ್ರವನ್ನು ಮುಂದಿಟ್ಟರು. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ನೋಟ, ಶ್ರವಣ, ಓದುಬರಹ, ಚಲನೆ ಎಂಬ ನಾಲ್ಕು ಬಗೆಯ ಪ್ರಶ್ನಾವಳಿ ಮಾಡಿದರು. ಹೊವರ್ಡ್ ಗಾರ್ಡನರ್ 1983ರಲ್ಲಿ ಹೇಳಿದ ಬಹುಮುಖ ಬುದ್ಧಿಮತ್ತೆಯನ್ನು ಇದರೊಂದಿಗೆ ಬೆರೆಸಿ ಹೇಳುವುದು ವಾಡಿಕೆ. ಬುದ್ಧಿಮತ್ತೆ ಬೇರೆ, ಕಲಿಕಾ ಶೈಲಿ ಬೇರೆ ಎಂದು ಗಾರ್ಡನರ್ ಅವರೇ ತಿದ್ದಿದ್ದಾರೆ.

ಕೇಳಲು ಹಿತವಾದ ಈ ಸಿದ್ಧಾಂತ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. 2004ರಲ್ಲಿ ಬ್ರಿಟನ್ನಿನ ಫ್ರ್ಯಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು ಇಂಥ 71 ಮಾದರಿಗಳನ್ನು ಪಟ್ಟಿಮಾಡಿ, ಮುಖ್ಯವಾದ 13ನ್ನು ಒರೆಗೆ ಹಚ್ಚಿದರು. ಹೆಚ್ಚಿನವು ದುರ್ಬಲವೆಂದು ಕಂಡವು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನೋವಿಜ್ಞಾನಿಗಳು ಪ್ರಶ್ನೆಯನ್ನು ನೇರವಾಗಿ ಕೇಳಿದರು. ನೋಡಿ ಕಲಿಯುವ ಮಗುವಿಗೆ ಚಿತ್ರದಿಂದ, ಕೇಳಿ ಕಲಿಯುವ ಮಗುವಿಗೆ ಮಾತಿನಿಂದ ಕಲಿಸಿದರೆ ಇಬ್ಬರೂ ಹೆಚ್ಚು ಕಲಿಯುತ್ತಾರೆಯೇ? ಹಾಗೆಂದು ತೋರಿಸುವ ಸಾಕಷ್ಟು ಆಧಾರ ಅವರಿಗೆ ಸಿಗಲಿಲ್ಲ. ಮಕ್ಕಳಿಗೆ ಇಷ್ಟಾನಿಷ್ಟಗಳಿರುವುದು ನಿಜ. ಇಷ್ಟಕ್ಕೆ ತಕ್ಕ ಪಾಠದಿಂದ ಕಲಿಕೆ ಹೆಚ್ಚುತ್ತದೆ ಎಂಬುದು ಮಾತ್ರ ರುಜುವಾತಾಗಿಲ್ಲ. ಮಗ್ಗಿ ಎಲ್ಲರಿಗೂ ಬಾಯಲ್ಲೇ ಕೂರಬೇಕು. ಭೂಪಟವನ್ನು ಎಲ್ಲರೂ ನೋಡಲೇಬೇಕು. ಬಗೆಯನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಕಲಿಯುವ ವಸ್ತು, ಕಲಿಯುವವನಲ್ಲ.

ಹಾಗಾದರೆ ಮಕ್ಕಳ ನಡುವೆ ಪಾಠಕ್ಕೆ ಮುಖ್ಯವಾದ ಭಿನ್ನತೆ ಯಾವುದು? ಈಗಾಗಲೇ ಏನು ಗೊತ್ತಿದೆ, ಮನೆಯಲ್ಲಿ ಯಾವ ಭಾಷೆ, ವರ್ಷದಲ್ಲಿ ಎಷ್ಟು ದಿನ ಶಾಲೆಗೆ ಬಂದಿತು, ಕಣ್ಣು, ಕಿವಿಗೆ ತೊಂದರೆಯಿದೆಯೇ, ಈ ನಾಲ್ಕು. ಶಿಕಾರಿಪುರ, ಸೊರಬದ ಸರ್ಕಾರಿ ಶಾಲೆಗಳಲ್ಲಿ ನಡೆದಿರುವ ಪ್ರಯೋಗಗಳು ಬೆಲೆಯುಳ್ಳವೆನಿಸುವುದು ಅವು ಕಣ್ಣು, ಕಿವಿ, ಕೈಯ ವಿಂಗಡಣೆಯ ಹಿಂದೆ ಹೋಗದೆ ಈ ನಾಲ್ಕರ ಹಿಂದೆ ಹೋದದ್ದರಿಂದ.

ನಲಿ-ಕಲಿ

ಕರ್ನಾಟಕದಲ್ಲಿ ಈ ದಿಕ್ಕಿನ ಅತಿದೊಡ್ಡ ಪ್ರಯೋಗ ನಲಿ-ಕಲಿ. ಬೇರು ಆಂಧ್ರದ ಮದನಪಲ್ಲಿ ಬಳಿಯ ಋಷಿವ್ಯಾಲಿಯಲ್ಲಿದೆ. ಅಲ್ಲಿನ ಸುತ್ತಲ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಪಠ್ಯಪುಸ್ತಕವನ್ನು ಬಿಡಿ ಕಾರ್ಡುಗಳಾಗಿ ಒಡೆದು, ಏಣಿಯ ಮೆಟ್ಟಿಲಂತೆ ಜೋಡಿಸಿದ್ದರು. ಅದನ್ನು ನೋಡಿಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ, ಯುನಿಸೆಫ್ ನೆರವಿನಿಂದ, ಕನ್ನಡದ ಕಾರ್ಡುಗಳನ್ನು ತಾವೇ ಬರೆದರು. ಕಾಡಂಚಿನ, ಆದಿವಾಸಿ ಹಾಡಿಗಳ ತಾಲ್ಲೂಕಿನಲ್ಲಿ ಅದು ಹುಟ್ಟಿತು ಎಂಬುದು ಆಕಸ್ಮಿಕವಲ್ಲ. ಗೈರುಹಾಜರಿ ಹೆಚ್ಚಿರುವ ಕಡೆಯೇ ಪಠ್ಯಪುಸ್ತಕದ ವೇಗ ಮೊದಲು ಸೋಲುವುದು. 2009–10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ 1, 2ನೆಯ ತರಗತಿಗಳಿಗೂ ಮರುವರ್ಷ 3ನೆಯ ತರಗತಿಗೂ ಅದು ವಿಸ್ತರಿಸಿತು. ಹೀಗೆ ಶಿಕಾರಿಪುರ, ಸೊರಬದ ಶಾಲೆಗಳಿಗೂ ಬಂತು.

ನಲಿ-ಕಲಿ ಕೋಣೆಯನ್ನು ಹೊಕ್ಕವರಿಗೆ ಮೊದಲು ಕಾಣುವುದು ತಲೆಯ ಮೇಲಿನ ಕಲಿಕಾ ಚಪ್ಪರ. ಗೋಡೆಯಿಂದ ಗೋಡೆಗೆ ಕಟ್ಟಿದ ದಾರದ ಸಾಲುಗಳಿಗೆ ಮಕ್ಕಳು ಮಾಡಿದ ಚಿತ್ರ, ಕಾಗದದ ಹಕ್ಕಿ, ಬರೆದ ಪದಗಳು ತೂಗುತ್ತಿರುತ್ತವೆ. ಗೋಡೆಯ ಕೆಳಭಾಗಕ್ಕೆ, ಮಗುವಿನ ಕೈಗೆ ಎಟುಕುವಷ್ಟು ಎತ್ತರಕ್ಕೆ, ಕಪ್ಪುಬಣ್ಣದ ಪಟ್ಟಿ. ಒಬ್ಬೊಬ್ಬರಿಗೆ ಒಂದೊಂದು ಚೌಕ. ಗೋಡೆಯ ಮೇಲೆ ಕಲಿಕಾ ಏಣಿ. ಅದರಲ್ಲಿ ಪ್ರತಿ ಚಟುವಟಿಕೆಗೆ ಒಂದು ಚಿತ್ರಗುರುತು, ಒಂದು ಸಂಖ್ಯೆ. ಓದು ಬಾರದ ಮಗುವೂ ಚಿತ್ರ ನೋಡಿ ತನ್ನ ಕಾರ್ಡು ಯಾವುದೆಂದು ಹುಡುಕಿ, ಟ್ರೇಯಿಂದ ತೆಗೆದುಕೊಂಡು ಬರುತ್ತದೆ. ಆಮೇಲೆ ಗುಂಪು. ನೆಲದ ಮೇಲೆ ಐದು ತಟ್ಟೆ: ಪೂರ್ತಿ ಶಿಕ್ಷಕರ ಸಹಾಯ ಬೇಕಾದವರು, ಭಾಗಶಃ ಬೇಕಾದವರು, ಗೆಳೆಯರ ಸಹಾಯದಿಂದ ಕಲಿಯುವವರು, ಗೆಳೆಯರ ಸಹಾಯ ಅಷ್ಟಿಷ್ಟು ಸಾಕಾದವರು, ತಾವೇ ಕಲಿಯುವವರು. ಯಾವ ತಟ್ಟೆಗೆ ಹೋಗಬೇಕೆಂದು ತೀರ್ಮಾನಿಸುವುದು ಮಗುವಿನ ತರಗತಿಯಲ್ಲ, ಕೈಯಲ್ಲಿರುವ ಕಾರ್ಡು. ಹಾಗಾಗಿ ಮೊದಲ ತಟ್ಟೆ ದಡ್ಡರದಲ್ಲ. ಹೊಸ ಅಂಶ ಕಲಿಯುವವರೆಲ್ಲ ಅಲ್ಲಿಗೆ ಬಂದೇ ಮುಂದೆ ಹೋಗಬೇಕು. ಇಡೀ ಪದ್ಧತಿಯಲ್ಲಿ ಅತ್ಯಂತ ಚೆಂದದ ಕಲ್ಪನೆ ಇದು.

ಅಕ್ಷರ ಕಲಿಸುವ ಕ್ರಮದಲ್ಲೂ ನಲಿ-ಕಲಿ ಹಳೆಯ ಅ, ಆ, ಇ, ಈ ಸಾಲನ್ನು ಬಿಟ್ಟಿತು. ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಬಾಯಲ್ಲಿ ಇದಕ್ಕೆ ರಗಸದಅ ಎಂದೇ ಹೆಸರು. ಕಾರಣ ಸರಳ: ಬರೆಯಲು ಸುಲಭವಾದ ದುಂಡು ಅಕ್ಷರಗಳು, ಐದೇ ಕಲಿತರೂ ಸರ, ದರ, ರಸ, ಅರಸ, ಅಗಸ, ಗರಗಸ ಎಂದು ಪದ ಕಟ್ಟಬಹುದು. ವರ್ಣಮಾಲೆಯ ಕ್ರಮದಲ್ಲಿ ಅ, ಆ, ಇ, ಈ, ಉ ಐದನ್ನು ಕಲಿತ ಮಗು ಓದಬಲ್ಲ ಪದ ಹೆಚ್ಚೆಂದರೆ ಈ, ಆ. ಅಜ್ಜ, ಅಜ್ಜಿಯರಿಗೆ ಇದು ಒಗ್ಗಲಿಲ್ಲ. ಮೊಮ್ಮಗನನ್ನು ಕೂರಿಸಿಕೊಂಡು ಅ ಆ ಹೇಳು ಎಂದರೆ ಅವನು ರ ಗ ಸ ಎನ್ನುತ್ತಾನೆ. ಶಾಲೆಯಲ್ಲಿ ಏನೂ ಕಲಿಸುತ್ತಿಲ್ಲ ಎಂಬ ದೂರು ಅಲ್ಲಿಂದ ಹೊರಡುತ್ತದೆ. ಅಕ್ಷರಮಾಲೆಯ ಕ್ರಮವೂ ಅರ್ಥಹೀನವಲ್ಲ, ಉಚ್ಚಾರಣೆಯ ಸ್ಥಾನಕ್ಕೆ ತಕ್ಕಂತೆ ಜೋಡಿಸಿದ ಶಾಸ್ತ್ರ ಅದು. ಶಾಸ್ತ್ರದ ಕ್ರಮ ಬೇರೆ, ಕಲಿಯುವ ಕ್ರಮ ಬೇರೆ ಎಂಬುದಷ್ಟೇ ಇಲ್ಲಿನ ವಾದ.

ತಾಂಡಾದ ಮಗುವಿಗೆ ನಲಿ-ಕಲಿ ಕೊಟ್ಟ ದೊಡ್ಡ ಅನುಕೂಲ ಗೈರುಹಾಜರಿಯ ಲೆಕ್ಕದಲ್ಲಿದೆ. ಅಪ್ಪ, ಅಮ್ಮ ಕೂಲಿಗೆ ಊರು ಬಿಟ್ಟಾಗ ಮಗುವೂ ಜೊತೆಗೆ ಹೋಗುತ್ತದೆ. ಮೂರು ತಿಂಗಳು ಕಳೆದು ಬಂದರೆ ಪಠ್ಯಪುಸ್ತಕದ ತರಗತಿ ಇಪ್ಪತ್ತನೆಯ ಪಾಠದಲ್ಲಿರುತ್ತದೆ; ಮಗು ಏಳರಲ್ಲಿ. ಏಣಿಯಲ್ಲಿ ಹಾಗಲ್ಲ. ಹೋಗುವಾಗ ಯಾವ ಮೆಟ್ಟಿಲಲ್ಲಿತ್ತೋ ಬಂದಾಗ ಅಲ್ಲಿಂದಲೇ ಶುರು. ಪ್ರಗತಿನೋಟದ ಹಾಳೆಯಲ್ಲಿ ಅದರ ಹೆಸರಿನ ಮುಂದಿನ ಗುರುತು ಅಲ್ಲೇ ಕಾದಿರುತ್ತದೆ.

ಕಾಗದದ ಮೇಲಿನ ಈ ಸೊಬಗು ಎಲ್ಲ ಕಡೆ ನೆಲಕ್ಕಿಳಿದಿಲ್ಲ. ಕಾರ್ಡುಗಳು ಸವೆದು, ಹರಿದು, ಒಂದೆರಡು ಕಳೆದುಹೋದರೆ ಏಣಿಯೇ ಮುರಿದಂತೆ. ಒಬ್ಬ ಶಿಕ್ಷಕಿ ಮೂರು ತರಗತಿ, ಹಲವು ವಿಷಯ, ಐದು ತಟ್ಟೆ ನೋಡಿಕೊಂಡು, ದಿನದ ಕೊನೆಗೆ ಪ್ರತಿ ಮಗುವಿನ ದಾಖಲೆ ತುಂಬಬೇಕು. ಹೊರಗಿಂದ ನೋಡಿದವರಿಗೆ ಕೋಣೆ ಗಜಿಬಿಜಿ. ಕೆಲವೆಡೆ ಕಾರ್ಡು ಟ್ರೇಯಲ್ಲೇ ಉಳಿದು, ಅಕ್ಕೋರು ಹಲಗೆಯ ಮೇಲೆ ಬರೆದದ್ದನ್ನು ಎಲ್ಲರೂ ಬರೆದುಕೊಳ್ಳುವ ಹಳೆಯ ಪದ್ಧತಿ ಮೆಲ್ಲಗೆ ಮರಳುತ್ತದೆ. ಅದಕ್ಕೆ ಅವರನ್ನೇ ದೂರುವುದು ಸುಲಭ, ನ್ಯಾಯವಲ್ಲ. ಋಷಿವ್ಯಾಲಿಯಲ್ಲೂ ಹೆಗ್ಗಡದೇವನಕೋಟೆಯಲ್ಲೂ ಕಾರ್ಡು ಬರೆದವರು ಮಕ್ಕಳನ್ನು ಕಂಡು ಬರೆದರು. ಮಿಕ್ಕ ಕಡೆಗೆ ಬಂದದ್ದು ಅಚ್ಚಾದ ಕಾರ್ಡು. ಚಂದ್ರಗುತ್ತಿಯ ಮಗುವಿಗೂ ಚಾಮರಾಜನಗರದ ಮಗುವಿಗೂ ಒಂದೇ ಗರಗಸ. ವೇಗವನ್ನು ಮಗುವಿಗೆ ಬಿಟ್ಟ ಪದ್ಧತಿ ವಸ್ತುವನ್ನು ಮಾತ್ರ ಕೇಂದ್ರದಲ್ಲೇ ಇಟ್ಟುಕೊಂಡಿತು. ಕೂಲಿಮಠದ ಕಥೆಯೇ ಇನ್ನೊಮ್ಮೆ.

ಮನೆಮಾತು

ಲಂಬಾಣಿಗರ ಗೋರ್ ಬೋಲಿ ಇಂಡೋ–ಆರ್ಯನ್ ಭಾಷೆ; ತನ್ನದೇ ಲಿಪಿಯಿಲ್ಲ. ಅಮ್ಮ ಅಲ್ಲಿ ಯಾಡಿ, ನೀರು ಪಾಣಿ, ರೊಟ್ಟಿ ಬಾಟಿ. ತಾಂಡಾದ ಮಗು ಕನ್ನಡವನ್ನು ಬಸ್ ನಿಲ್ದಾಣ, ಸಂತೆ, ಅಂಗಡಿಯಲ್ಲಿ ಕೇಳಿರುತ್ತದೆ. ಆದರೆ ಗರಗಸ ಎಂಬ ಪದವನ್ನು ಓದುವ ಮೊದಲು ಆ ಪದವೇ ಗೊತ್ತಿರಬೇಕಲ್ಲ. ಅಕ್ಷರ ಕೂಡಿಸಿ ಉಚ್ಚರಿಸಿದ ಮೇಲೆ ಅರ್ಥ ಹೊಳೆಯದಿದ್ದರೆ ಅದು ಓದಲ್ಲ.

ಇದಕ್ಕೆ ಇನ್ನೊಂದು ಮುಖವಿದೆ. ಮಹಾಪ್ರಾಣಗಳು ಕನ್ನಡ ಮನೆಮಾತಿನ ಹಳ್ಳಿಯ ಮಗುವಿಗೆ ಕಷ್ಟ. ಘ, ಧ, ಭ ಅದರ ದಿನದ ಮಾತಿನಲ್ಲಿ ಇಲ್ಲ; ಘಂಟೆ ಅದಕ್ಕೆ ಗಂಟೆಯೇ. ಲಂಬಾಣಿ ಮಗು ಮನೆಯನ್ನು ಘರ್ ಎನ್ನುತ್ತದೆ. ಉರ್ದು ಮನೆಮಾತಿನ ಮಗುವೂ ಹಾಗೇ. ಆ ಪಾಠದ ದಿನ ಅವರಿಬ್ಬರು ಮುಂದೆ, ಕನ್ನಡದ ಮಗು ಹಿಂದೆ. ಘ ಹೇಳಿಕೊಡು ಎಂದು ಆ ದಿನ ಲಂಬಾಣಿ ಹುಡುಗಿಯನ್ನು ಹಲಗೆಯ ಮುಂದೆ ನಿಲ್ಲಿಸುವ ಶಿಕ್ಷಕಿ ಭಾಷಾಶಾಸ್ತ್ರ ಓದಿರಬೇಕಾಗಿಲ್ಲ, ಕಿವಿ ತೆರೆದಿದ್ದರೆ ಸಾಕು. ವ್ಯಾಕರಣದಲ್ಲೂ ಇಂಥದೇ. ಗೋರ್ ಬೋಲಿ, ಉರ್ದು ಎರಡರಲ್ಲೂ ವಸ್ತುಗಳಿಗೆ ಗಂಡು, ಹೆಣ್ಣೆಂಬ ಲಿಂಗವಿದೆ. ಕನ್ನಡದ ಅದು ಎಂಬ ನಪುಂಸಕ ಅವುಗಳಿಗಿಲ್ಲ. ಪುಸ್ತಕ ಬಿದ್ದಳು ಎಂದು ಮಗು ಹೇಳಿದರೆ ಅದು ದಡ್ಡತನವಲ್ಲ, ಒಂದು ವ್ಯಾಕರಣದ ನಿಯಮವನ್ನು ಇನ್ನೊಂದಕ್ಕೆ ಹಚ್ಚಿದ ಜಾಣತನ. ತಪ್ಪಿನ ಕಾರಣ ತಿಳಿದ ಶಿಕ್ಷಕರು ಅದನ್ನು ಎರಡು ನಿಮಿಷದಲ್ಲಿ ತಿದ್ದಬಲ್ಲರು. ತಿಳಿಯದವರು ವರ್ಷವಿಡೀ ಕೆಂಪು ಶಾಯಿಯಲ್ಲಿ ಗೀಚುತ್ತಾರೆ.

ಉರ್ದು ಮಕ್ಕಳಿಗೆ ಸರ್ಕಾರಿ ಉರ್ದು ಮಾಧ್ಯಮದ ಶಾಲೆಗಳಿವೆ. ಲಂಬಾಣಿ ಮಕ್ಕಳಿಗೆ ಆ ಆಯ್ಕೆಯಿಲ್ಲ. ಮಧ್ಯೆ ಇಂಗ್ಲಿಷಿನ ಒತ್ತಡ ಬೇರೆ. 2007ರಿಂದ ಸರ್ಕಾರಿ ಶಾಲೆಗಳಲ್ಲಿ 1ನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯ. 2019–20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಮನೆಯಲ್ಲಿ ಗೋರ್ ಬೋಲಿ, ಬಯಲಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂಬ ಆರು ವರ್ಷದ ಮಗುವಿಗೆ ಯಾವ ಏಣಿ?

ಕೈಗೆ ಸಿಗುವ ಲೆಕ್ಕ

ಗಣಿತದಲ್ಲಿ ಮಕ್ಕಳ ಭಿನ್ನತೆ ಹೆಚ್ಚು ಎದ್ದು ಕಾಣುತ್ತದೆ, ಅಲ್ಲಿ ಸ್ಥಳೀಯ ಸಾಮಗ್ರಿಯೂ ಹೆಚ್ಚು. ಹಳೆಯ ಮೇಷ್ಟರು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಹೇಳಿಸುತ್ತಿದ್ದರು. ಭಿನ್ನರಾಶಿ ಬಾಯಲ್ಲಿ ಹಾಡಾಗಿ ಕೂರುತ್ತಿತ್ತು. ಹಾಡು ಕೂತರೂ ಅರ್ಥ ಕೂರದ ಮಗುವಿಗೆ ಅಳತೆಯ ಪಾತ್ರೆ ಬೇಕು. ಅಕ್ಕಿ ಅಳೆಯುವ ಪಾವು, ಅಚ್ಚೇರು, ಸೇರು ಮಲೆನಾಡಿನ ಹಲವು ಮನೆಗಳಲ್ಲಿ ಇನ್ನೂ ಮೂಲೆಯಲ್ಲಿವೆ. ಎರಡು ಪಾವಿಗೆ ಒಂದು ಅಚ್ಚೇರು, ನಾಲ್ಕು ಪಾವಿಗೆ ಒಂದು ಸೇರು. ಮರಳು ತುಂಬಿ ತುಂಬಿ ಸುರಿದ ಮಗುವಿಗೆ ಕಾಲುಭಾಗ, ಅರ್ಧಭಾಗಗಳನ್ನು ಹೇಳಿಕೊಡಬೇಕಿಲ್ಲ. ಅಂಕಿಯಲ್ಲಿ ಬರೆಯುವುದನ್ನು ತೋರಿಸಿದರೆ ಆಯಿತು.

ಸೊರಬ, ಸಾಗರ ಸೀಮೆಯ ದೀವರ ಹೆಂಗಸರು ಬಿಡಿಸುವ ಹಸೆ ಚಿತ್ತಾರವಂತೂ ಗೋಡೆಯ ಮೇಲಿನ ರೇಖಾಗಣಿತ. ಕೆಮ್ಮಣ್ಣು ಸಾರಿಸಿದ ನೆಲೆ, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಮಾಡಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿನಾರಿನ ಕುಂಚ. ಮೊದಲು ಚೌಕ, ಚೌಕದೊಳಗೆ ಓರೆಗೆರೆ, ಗೆರೆಗಳು ಕೂಡುವಲ್ಲಿ ತ್ರಿಕೋನ. ಎಡಕ್ಕೆ ಇದ್ದದ್ದು ಬಲಕ್ಕೂ ಅಷ್ಟೇ ಇರಬೇಕು, ಎಣಿಕೆ ತಪ್ಪಿದರೆ ಚಿತ್ತಾರ ಸೊಟ್ಟ. ಸಮಮಿತಿ ಎಂಬ ಪಾಠ ಹಾಳೆ ಮಡಚಿ ಚಿಟ್ಟೆ ಕತ್ತರಿಸುವ ಚಟುವಟಿಕೆಯಿಂದ ಶುರುವಾಗುತ್ತದೆ. ಮನೆಯ ಗೋಡೆಯಲ್ಲಿ ಚಿತ್ತಾರವಿರುವ ಮಗುವಿಗೆ ಅದನ್ನು ಅಲ್ಲಿಂದಲೇ ಶುರುಮಾಡಬಹುದು. ಲಂಬಾಣಿ ಕಸೂತಿಯ ಕನ್ನಡಿಸಾಲಿಗೂ ಇದೇ ಮಾತು. ಕಲೆಯನ್ನು ಉಳಿಸಬೇಕೆಂಬ ಪ್ರದರ್ಶನದ ಹುಮ್ಮಸ್ಸಿನಿಂದ ಇವನ್ನು ಶಾಲೆಗೆ ತಂದರೆ ವಾರ್ಷಿಕೋತ್ಸವಕ್ಕೆ ಮುಗಿಯುತ್ತದೆ. ಲೆಕ್ಕದ ಪಿರಿಯಡ್ಡಿಗೆ ತಂದರೆ ಉಳಿಯುತ್ತದೆ.

ನಾಲ್ಕನೆಯ ತರಗತಿ

ನಲಿ-ಕಲಿಯ ಮಗು ಮೂರು ವರ್ಷ ನೆಲದ ಮೇಲೆ ತಟ್ಟೆಯ ಸುತ್ತ ಕೂತು, ನಾಲ್ಕನೆಯ ವರ್ಷ ಬೆಂಚು, ಪಠ್ಯಪುಸ್ತಕ, ಪಿರಿಯಡ್ಡಿನ ಗಂಟೆಗೆ ಬಂದು ಬೀಳುತ್ತದೆ. ಏಣಿಯನ್ನು ಪೂರ್ತಿ ಹತ್ತದ ಮಗುವೂ ಜೂನ್ ಬಂದರೆ ನಾಲ್ಕಕ್ಕೆ ಹೋಗಲೇಬೇಕು. ವಯಸ್ಸಿಗೆ ತಕ್ಕ ತರಗತಿ, 8ನೆಯ ತರಗತಿವರೆಗೆ ತಡೆಹಿಡಿಯಬಾರದು ಎಂದು 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ಆಶಯ ಸರಿ, ಕಾಯ್ದೆ ಬಯಸಿದ್ದು ಹಿಂದುಳಿದ ಮಗುವಿಗೆ ವಿಶೇಷ ತರಬೇತಿಯನ್ನು. ದೊರೆತದ್ದು ಬಹುಮಟ್ಟಿಗೆ ಜೂನಿನಲ್ಲಿ ಹಿಂದಿನ ತರಗತಿಯ ಪಾಠ ಮೆಲುಕುಹಾಕುವ ಸೇತುಬಂಧ, ನಡುನಡುವೆ ಪರಿಹಾರ ಬೋಧನೆ. ಮಕ್ಕಳನ್ನು ತರಗತಿಯಿಂದಲ್ಲದೆ ಓದಿನ ಮಟ್ಟದಿಂದ ಗುಂಪು ಮಾಡುವ ಪ್ರಥಮ್ ಸಂಸ್ಥೆಯ ವಿಧಾನ ಓದು ಕರ್ನಾಟಕ ಎಂಬ ಹೆಸರಿನಲ್ಲಿ ಹಿರಿಯ ತರಗತಿಗಳಿಗೆ ಬಂತು. ದಿನಕ್ಕೆ ಒಂದೆರಡು ಗಂಟೆಯ ಮಟ್ಟಿಗೆ ಏಣಿಯ ತತ್ವವೇ ಅದು. ಅಷ್ಟರಲ್ಲಿ 2023ರ ಮಾರ್ಚಿನಲ್ಲಿ 5 ಮತ್ತು 8ನೆಯ ತರಗತಿಗಳಿಗೆ ರಾಜ್ಯಮಟ್ಟದ ಒಂದೇ ಪ್ರಶ್ನೆಪತ್ರಿಕೆಯ ಮೌಲ್ಯಾಂಕನ, ನ್ಯಾಯಾಲಯದ ಮೆಟ್ಟಿಲು ಹತ್ತಿಳಿದ ಮೇಲೆ, ನಡೆಯಿತು. ಪಾಠ ಒಬ್ಬೊಬ್ಬರಿಗೆ ಒಂದೊಂದು ಬಗೆ, ಪರೀಕ್ಷೆ ಎಲ್ಲರಿಗೂ ಒಂದೇ. ಮಧ್ಯೆ ಸಿಕ್ಕಿದ ಶಿಕ್ಷಕರು ಪರೀಕ್ಷೆಯ ಕಡೆ ವಾಲುವುದು ಸಹಜ.

ಕೊರೊನಾ ಕಾಲದಲ್ಲಿ ಭಿನ್ನತೆಯ ಹೊಸ ಅಳತೆ ಬಂತು. 2020ರ ಆಗಸ್ಟಿನಲ್ಲಿ ಶುರುವಾದ ವಿದ್ಯಾಗಮ ಮಕ್ಕಳನ್ನು ವಿಂಗಡಿಸಿದ್ದು ಮನೆಯ ಫೋನಿನಿಂದ: ಇಂಟರ್‌ನೆಟ್ ಇರುವ ಫೋನಿನ ಮನೆ, ಬರೀ ಮಾತಿನ ಫೋನಿನ ಮನೆ, ಫೋನೇ ಇಲ್ಲದ ಮನೆ. ಮೂರಕ್ಕೂ ಬೇರೆ ಬೇರೆ ಪಾಠಕ್ರಮ. ಗುಡಿಯ ಪೌಳಿ, ಮರದ ನೆರಳು, ಯಾರದೋ ಮನೆಯ ಜಗಲಿಯಲ್ಲಿ ತರಗತಿ ನಡೆದವು. ಅಕ್ಟೋಬರಿನಲ್ಲಿ ಸೋಂಕಿನ ಹೆದರಿಕೆಯಿಂದ ನಿಂತು, 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. 2022–23ನ್ನು ರಾಜ್ಯ ಕಲಿಕಾ ಚೇತರಿಕೆಯ ವರ್ಷವೆಂದು ಕರೆದು, ತಪ್ಪಿಹೋದದ್ದನ್ನು ಹಿಂದಿನ ತರಗತಿಯಿಂದಲೇ ಹಿಡಿದು ಕಲಿಸುವ ಕಲಿಕಾ ಹಾಳೆಗಳನ್ನು ಹಂಚಿತು. ಇಡೀ ರಾಜ್ಯದ ಮಕ್ಕಳು ಒಮ್ಮೆಲೇ ತಾಂಡಾದ ಮಗುವಿನ ಸ್ಥಿತಿಗೆ ಬಂದಾಗಲಷ್ಟೇ ಬಿಟ್ಟಲ್ಲಿಂದ ಶುರುಮಾಡು ಎಂಬ ಮಾತು ಎಲ್ಲ ತರಗತಿಗೂ ನೀತಿಯಾಯಿತು. 2023ರ ಮೇ ತಿಂಗಳಲ್ಲಿ ಶಾಲಾ ಶಿಕ್ಷಣ ಖಾತೆ ಸೊರಬದ ಶಾಸಕ ಮಧು ಬಂಗಾರಪ್ಪ ಅವರ ಕೈಗೆ ಬಂದದ್ದರಿಂದ ಈ ಚರ್ಚೆಗಳು ತಾಲ್ಲೂಕಿನ ಶಿಕ್ಷಕರ ಬಾಯಲ್ಲಿ ಊರ ಸುದ್ದಿಯೂ ಆಗಿವೆ.

ವಿಶೇಷ ಅಗತ್ಯದ ಮಕ್ಕಳು

ಕೋಡಿಯ ಮಠದ 1162ರ ಶಾಸನಕ್ಕೆ ಇನ್ನೊಮ್ಮೆ ಹೋಗಬೇಕು. ಪಾಠಗಳ ಪಟ್ಟಿಯ ನಂತರ ಅಲ್ಲಿ ಯಾರಿಗೆಲ್ಲ ಅನ್ನ ದೊರೆಯುತ್ತಿತ್ತು ಎಂಬ ಪಟ್ಟಿ ಬರುತ್ತದೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕಥೆ ಹೇಳುವವರು, ಕುಣಿಯುವವರು. ರೋಗಿಗಳಿಗೆ ಔಷಧವೂ ಇತ್ತು. ಅನ್ನದ ಪಟ್ಟಿಯಲ್ಲಿ ಕುರುಡರಿದ್ದಾರೆ; ಓದುವವರ ಪಟ್ಟಿಯಲ್ಲಿ ಅವರ ಮಾತಿಲ್ಲ. ಎಂಟು ಶತಮಾನ ಕಳೆದರೂ ಕನಿಕರದ ಪಟ್ಟಿಯಿಂದ ಕಲಿಕೆಯ ಪಟ್ಟಿಗೆ ಆ ಮಕ್ಕಳು ಬಂದದ್ದು ತೀರ ಈಚೆಗೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಬುದ್ಧಿ ಚುರುಕಾಗಿದ್ದೂ ಅಕ್ಷರವನ್ನು ಸದ್ದಿಗೆ ಜೋಡಿಸಿ ಓದುವುದು ಕಷ್ಟವಾಗುವ ಡಿಸ್ಲೆಕ್ಸಿಯಾ ಈ ಗುಂಪಿನದು. ಕನ್ನಡದಲ್ಲಿ ಬರೆದಂತೆ ಓದುವ ಅನುಕೂಲವಿದ್ದರೂ ಗುಣಿತ, ಒತ್ತಕ್ಷರಗಳು ಅಕ್ಷರದ ಮೇಲೆ, ಕೆಳಗೆ, ಪಕ್ಕಕ್ಕೆ ಹರಡುತ್ತವೆ. ಕಿ, ಕೀ, ಕೆ, ಕೇಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗುರುತು. ಇಂಥ ಮಗುವನ್ನು ಹಳ್ಳಿಯ ಶಾಲೆಯಲ್ಲಿ ಗುರುತಿಸುವುದು ಕಷ್ಟ. ಕಣ್ಣಿಗೆ ಕಾಣುವ ನ್ಯೂನತೆಗೆ ಶಿಬಿರ, ಸಾಧನ ಸಲಕರಣೆ ಸಿಗುತ್ತವೆ; ಕಾಣದ್ದಕ್ಕೆ ಬೈಗುಳ. ನಲಿ-ಕಲಿಯ ಏಣಿ ಇಲ್ಲಿ ಎಣಿಸದ ಒಂದು ಉಪಕಾರ ಮಾಡುತ್ತದೆ: ಲೆಕ್ಕದಲ್ಲಿ ಓಡುತ್ತಿರುವ ಮಗು ಕನ್ನಡದ ಒಂದೇ ಮೆಟ್ಟಿಲಲ್ಲಿ ತಿಂಗಳುಗಟ್ಟಲೆ ನಿಂತಿದ್ದರೆ ಪ್ರಗತಿನೋಟದ ಹಾಳೆಯಲ್ಲಿ ಅದು ಎದ್ದು ಕಾಣುತ್ತದೆ, ನೋಡುವವರಿದ್ದರೆ.

ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರಬೇಕೆಂಬುದು ವ್ಯವಸ್ಥೆ. ಶಾಲೆಗಳಿಗೆ ಸರದಿಯ ಮೇಲೆ ಹೋಗಿ ಇಂಥ ಮಕ್ಕಳಿಗೆ, ಅವರ ಶಿಕ್ಷಕರಿಗೆ ನೆರವಾಗುವುದು ಅವರ ಕೆಲಸ. ಅಂಧ ಮಕ್ಕಳು ಬ್ರೈಲ್ ಕಲಿಯಬೇಕೆಂದರೆ ಸಾಮಾನ್ಯವಾಗಿ ಶಿವಮೊಗ್ಗದ ಶಾರದಾದೇವಿ ಅಂಧರ ವಿಕಾಸ ಕೇಂದ್ರದಂಥ ವಸತಿ ಸಂಸ್ಥೆಗೆ ಹೋಗಬೇಕು. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವಿದೆ. ಶಿಕ್ಷಕರು ಗೊತ್ತಾದ ದಿನ ಮನೆಗೇ ಹೋಗಿ, ಒಂದೆರಡು ಗಂಟೆ ಕೂತು, ಬಟ್ಟೆಯ ಗುಂಡಿ ಹಾಕುವುದರಿಂದ ಬಣ್ಣ ಗುರುತಿಸುವವರೆಗೆ ಆ ಮಗುವಿಗೆ ಆಗುವಷ್ಟನ್ನು ಕಲಿಸುತ್ತಾರೆ. ಅಮ್ಮನಿಗೆ ಮುಂದಿನ ಭೇಟಿಯವರೆಗೆ ಮಾಡಿಸಬೇಕಾದ್ದನ್ನು ತೋರಿಸಿಕೊಡುತ್ತಾರೆ. ಒಂದು ಮಗುವಿಗೆ ಒಂದು ಪಾಠ ಎಂಬುದು ಅಕ್ಷರಶಃ ನಡೆಯುವುದು ಇಲ್ಲಿ ಮಾತ್ರ. ಶಿಕಾರಿಪುರದ ಬಯಲಲ್ಲಿ ಬಸ್ಸಿಳಿದು ನಡೆದರೆ ಅಂಥ ಮನೆ ಸಿಗುತ್ತದೆ. ಸೊರಬದ ಪಶ್ಚಿಮಕ್ಕೆ, ಜುಲೈ ತಿಂಗಳಲ್ಲಿ, ತೋಟದ ದಾರಿಯ ಸಂಕ ದಾಟಬೇಕು; ಹಳ್ಳ ಏರಿದ ವಾರ ಪಾಠ ತಪ್ಪುತ್ತದೆ, ಮುಂದಿನ ವಾರ ಮತ್ತೆ ಅದೇ ಗುಂಡಿಯಿಂದ ಶುರು.